ಮನೆಯವರು ಯಾವಾಗ ಒಳಗೆ ಬರುತ್ತಾರೆ

ಜಪಾನಿನಲ್ಲಿ ಪ್ರೀತಿಗೆ ಒಂದು ತಾರೀಖು ಇರುತ್ತದೆ. ಇಬ್ಬರಲ್ಲಿ ಒಬ್ಬರು ಎದುರು ನಿಂತು, ‘ನೀವು ನನಗೆ ಇಷ್ಟ, ನನ್ನ ಜೊತೆ ಇರ್ತೀರಾ?’ ಅಂತ ಬಾಯಿಬಿಟ್ಟು ಕೇಳಬೇಕು. ಇದನ್ನು ಕೊಕುಹಾಕು ಅನ್ನುತ್ತಾರೆ. ಇನ್ನೊಬ್ಬರು ಹೂಂ ಅಂದರೆ ಆವತ್ತಿನಿಂದ ಅವರು ಜೋಡಿ. ಅದಕ್ಕೆ ಮೊದಲು ಎಷ್ಟೇ ಸಲ ಒಟ್ಟಿಗೆ ಊಟ ಮಾಡಿರಲಿ, ಸಿನಿಮಾ ನೋಡಿರಲಿ, ಅದು ಲೆಕ್ಕಕ್ಕಿಲ್ಲ. ಮೂರನೇ ಸಲ ಹೊರಗೆ ಹೋದಾಗ ಕೇಳಿಬಿಡಬೇಕು ಅನ್ನುವ ಮಾತೂ ಇಲ್ಲಿನ ಹುಡುಗ ಹುಡುಗಿಯರಲ್ಲಿದೆ. ಕೇಳಿದ ದಿನವನ್ನು ಆಮೇಲೆ ಪ್ರತಿ ವರ್ಷ ನೆನಪಿಟ್ಟು ಆಚರಿಸುತ್ತಾರೆ.

ನಾನು ಕೊಪ್ಪದವಳು. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುವಾಗ ನಮ್ಮಲ್ಲಿ ಯಾರೂ ಯಾರನ್ನೂ ಹೀಗೆ ಕೇಳಿದ್ದು ನಾನು ನೋಡಿಲ್ಲ. ಒಬ್ಬಳು ಬಸ್ಸಿನಲ್ಲಿ ಪಕ್ಕದ ಸೀಟು ಹಿಡಿದಿಡುತ್ತಾಳೆ. ಅವನು ಅವಳ ಲ್ಯಾಬ್ ರೆಕಾರ್ಡ್ ಬರೆದುಕೊಡುತ್ತಾನೆ. ಕ್ಲಾಸಿಗೆಲ್ಲ ಗೊತ್ತಾಗುತ್ತದೆ, ಹಾಸ್ಟೆಲಿಗೆ ಗೊತ್ತಾಗುತ್ತದೆ, ಒಂದು ದಿನ ಯಾರೋ ದೂರದ ನೆಂಟರ ಬಾಯಿಂದ ಮನೆಗೂ ತಲುಪುತ್ತದೆ. ಆ ಇಬ್ಬರು ಮಾತ್ರ ಇನ್ನೂ ಒಬ್ಬರಿಗೊಬ್ಬರು ಏನೂ ಹೇಳಿಕೊಂಡಿರುವುದಿಲ್ಲ. ಹಾಗಾಗಿ ಟೋಕಿಯೊಗೆ ಬಂದ ಮೇಲೆ, ಬೆಟ್ಟ ಹತ್ತುವ ಗುಂಪಿನಲ್ಲಿ ಪರಿಚಯವಾದ ಹುಡುಗನೊಬ್ಬ ತಾಕಾವೊ ಬೆಟ್ಟದ ಕೆಳಗಿನ ಸ್ಟೇಷನ್ನಿನಲ್ಲಿ ನಿಂತು ನೇರವಾಗಿ ಕೇಳಿದಾಗ ನನಗೆ ತುಂಬ ಹಿಡಿಸಿತು. ಅನುಮಾನಕ್ಕೆ ಜಾಗವೇ ಇಲ್ಲ. ಎಷ್ಟು ಒಳ್ಳೆಯ ಪದ್ಧತಿ ಅಂದುಕೊಂಡೆ. ಈಗಲೂ ಹಾಗೇ ಅಂದುಕೊಳ್ಳುತ್ತೇನೆ.

ಆದರೆ ಆ ದಿನದ ನಂತರ ಏನಾಗುತ್ತದೆ ಅನ್ನುವುದರಲ್ಲಿ ಎರಡು ಊರಿನವರ ದಾರಿ ಬೇರೆಯಾಗುತ್ತದೆ. ಜಪಾನಿನಲ್ಲಿ ಕೊಕುಹಾಕು ಆದಮೇಲೆ ಮದುವೆ ನಿಶ್ಚಯವಾಗುವ ತನಕ ಇಬ್ಬರೇ ಇರುತ್ತಾರೆ. ವರ್ಷಗಟ್ಟಲೆ ಇಬ್ಬರೇ. ಅಪ್ಪ ಅಮ್ಮನಿಗೆ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಕೇಳುವುದಿಲ್ಲ. ನಮ್ಮಲ್ಲಿ ಹಾಗಲ್ಲ. ಇಬ್ಬರು ಒಪ್ಪಿಕೊಂಡರೋ ಇಲ್ಲವೋ, ಮನೆಯವರೆಲ್ಲ ಆಗಲೇ ಒಳಗೆ ಬಂದು ಕೂತಿರುತ್ತಾರೆ. ಎದುರಿಗೆ ಬಂದಿರದಿದ್ದರೂ ತಲೆಯೊಳಗೆ ಕೂತಿರುತ್ತಾರೆ. ಭಾಷೆ, ಊಟ, ದೇವರು ಇವುಗಳ ವ್ಯತ್ಯಾಸ ದೊಡ್ಡದು ಅಂತ ಎಲ್ಲರೂ ಎಚ್ಚರಿಸಿದ್ದರು. ನನ್ನ ಅನುಭವದಲ್ಲಿ ಅವೆಲ್ಲ ಮಾತಾಡಿ ಸರಿಮಾಡಿಕೊಳ್ಳಬಹುದಾದ ವಿಷಯಗಳು. ಮನೆಯವರು ಯಾವಾಗ ಒಳಗೆ ಬರಬೇಕು ಅನ್ನುವುದೇ ನಮ್ಮಿಬ್ಬರ ನಡುವೆ ಜಾಸ್ತಿ ಕಾಲ ಉಳಿದ ಪ್ರಶ್ನೆ.

ನಾನು ನನ್ನ ದೊಡ್ಡಮ್ಮನ ಮಗಳಿಗೆ ಹೇಳಿದೆ. ಅಕ್ಕ ದೊಡ್ಡಮ್ಮನಿಗೆ ಹೇಳಿದಳು. ಅಲ್ಲಿಂದ ಅಮ್ಮನಿಗೆ ತಲುಪಲು ಹೆಚ್ಚು ದಿನ ಬೇಕಾಗಲಿಲ್ಲ. ಅಮ್ಮ ಸಿಟ್ಟಾಗಲಿಲ್ಲ. ‘ಆ ಹುಡುಗನ್ನ ಒಂದ್ಸಲ ವಿಡಿಯೊ ಕಾಲ್‌ನಲ್ಲಿ ತೋರಿಸು, ಮಾತಾಡ್ತೀನಿ’ ಅಂದರು, ಅಷ್ಟೇ. ನಾನು ಅದನ್ನು ಅವನಿಗೆ ಹೇಳಿದೆ. ಅವನು ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, ‘ನಿಮ್ಮ ಅಮ್ಮನ ಎದುರು ನಾನು ಏನು ಹೇಳಬೇಕು? ಹೇಳೋ ಮಾತು ನನ್ನಲ್ಲಿ ಇನ್ನೂ ಸಿದ್ಧ ಇಲ್ಲ’ ಅಂದ. ಅವನ ಲೆಕ್ಕದಲ್ಲಿ ಹುಡುಗಿಯ ತಂದೆತಾಯಿಯ ಎದುರು ಹೋಗುವುದು ಅಂದರೆ ಮದುವೆಯ ತೀರ್ಮಾನ ತೆಗೆದುಕೊಂಡು ಹೋಗುವುದು. ಕೋಟು ಹಾಕಿಕೊಂಡು, ಒಳ್ಳೆಯ ಅಂಗಡಿಯ ಸಿಹಿಯ ಡಬ್ಬ ಹಿಡಿದುಕೊಂಡು, ನೆಟ್ಟಗೆ ಕೂತು ಮಗಳನ್ನು ಕೊಡಿ ಅಂತ ಕೇಳುವ ದಿನ ಅದು. ಸುಮ್ನೆ ಹಲೋ ಹೇಳುವುದಕ್ಕೆ ಅಲ್ಲಿ ಹೋಗುವುದಿಲ್ಲ.

ಅಮ್ಮನಿಗೆ ಇದು ಬೇರೆ ಥರ ಕೇಳಿಸಿತು. ‘ಹೆತ್ತವರಿಗೆ ಮುಖ ತೋರಿಸದವನು ನಾಳೆ ಕೈಬಿಡಲ್ಲ ಅಂತ ಎಂಥ ಗ್ಯಾರಂಟಿ, ಮಾರಾಯ್ತಿ?’ ಅಂತ ದೊಡ್ಡಮ್ಮನೂ ಸೇರಿಸಿದರು. ಇಬ್ಬರ ಮಾತಿನಲ್ಲೂ ತಪ್ಪಿಲ್ಲ. ಅವನು ಮರ್ಯಾದೆಯಿಂದಲೇ ಬೇಡ ಅಂದದ್ದು. ಅಮ್ಮ ಪ್ರೀತಿಯಿಂದಲೇ ಕೇಳಿದ್ದು. ನಡುವೆ ನಿಂತವಳಿಗೆ ಎರಡೂ ಅರ್ಥವಾಗುತ್ತದೆ. ಆ ಅರ್ಥವಾಗುವಿಕೆಯೇ ಒಂದು ಭಾರ.

ಈ ಇಬ್ಬರೇ ಇರುವ ಪದ್ಧತಿ ಜಪಾನಿನಲ್ಲಿ ಹಳೆಯದೇನೂ ಅಲ್ಲ. 1930ರ ದಶಕದಲ್ಲಿ ಇಲ್ಲಿನ ಮದುವೆಗಳಲ್ಲಿ ನೂರಕ್ಕೆ ಸುಮಾರು 70 ಹಿರಿಯರು ಕೂಡಿಸಿದ ಒಮಿಆಯಿ ಮದುವೆಗಳೇ. ನಾಕೋಡೊ ಅಂತ ಮಧ್ಯಸ್ಥರಿರುತ್ತಿದ್ದರು. ಹುಡುಗ ಹುಡುಗಿಯ ಫೋಟೊ, ಓದು, ಕೆಲಸ, ಮನೆತನದ ವಿವರ ಬರೆದ ಕಾಗದ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿತ್ತು. ನಮ್ಮಲ್ಲಿ ಜಾತಕದ ಪ್ರತಿಯ ಜೊತೆ ಫೋಟೊ ಹೋಗುವಂತೆಯೇ. 1960ರ ದಶಕದ ಕೊನೆಯ ವರ್ಷಗಳಲ್ಲಿ ಪ್ರೀತಿಸಿ ಮದುವೆಯಾಗುವವರ ಸಂಖ್ಯೆ ಇವರನ್ನು ದಾಟಿತು. ಅವನ ಅಜ್ಜ ಅಜ್ಜಿಯದು ಒಮಿಆಯಿ. ಅಪ್ಪ ಅಮ್ಮ ಒಂದೇ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದವರು. ಎರಡೇ ತಲೆಮಾರಿನಲ್ಲಿ ಮನೆಯವರು ಹಿಂದೆ ಸರಿದರು. ಅವರು ಬಿಟ್ಟ ಜಾಗಕ್ಕೆ ಎಲ್ಲರಿಗೂ ಇನ್ನೊಂದು ದಾರಿ ಸಿಗಲಿಲ್ಲ. 2020ರ ಜನಗಣತಿಯ ಪ್ರಕಾರ 50ರ ವಯಸ್ಸಿಗೆ ಬರುವಷ್ಟರಲ್ಲಿ ಒಮ್ಮೆಯೂ ಮದುವೆಯಾಗದ ಗಂಡಸರು ನೂರಕ್ಕೆ 28, ಹೆಂಗಸರು ನೂರಕ್ಕೆ 18ರ ಹತ್ತಿರ. 2024ರ ಸೆಪ್ಟೆಂಬರಿನಲ್ಲಿ ಟೋಕಿಯೊ ಸರ್ಕಾರ ತಾನೇ ಒಂದು ಜೋಡಿ ಹುಡುಕುವ ಆ್ಯಪ್ ಶುರು ಮಾಡಿತು. ಸೇರಬೇಕಾದರೆ ಅವಿವಾಹಿತ ಅನ್ನುವುದಕ್ಕೆ ದಾಖಲೆ ಕೊಡಬೇಕು, ಆದಾಯದ ಪತ್ರ ಕೊಡಬೇಕು. ಹಿಂದೆ ನಾಕೋಡೊ ವಿಚಾರಿಸುತ್ತಿದ್ದದ್ದೂ ಇದನ್ನೇ ಅಲ್ವಾ? ಆ ಜಾಗಕ್ಕೆ ಈಗ ಸರ್ಕಾರ ಬಂದಿದೆ.

ಜೋಡಿಗಳ ದಿನ ಯಾವುದು, ಮನೆಯವರ ದಿನ ಯಾವುದು ಅನ್ನುವುದು ಇಲ್ಲಿನ ಕ್ಯಾಲೆಂಡರಿನಲ್ಲೇ ಕಾಣುತ್ತದೆ. ಡಿಸೆಂಬರ್ 24 ಪ್ರೇಮಿಗಳದು. ಊರೆಲ್ಲ ದೀಪ, ಸ್ಟ್ರಾಬೆರಿ ಇಟ್ಟ ಕೆನೆ ಕೇಕು, ಹೋಟೆಲುಗಳಲ್ಲಿ ಜಾಗ ಸಿಗುವುದಿಲ್ಲ. ಅದಾಗಿ ಒಂದು ವಾರಕ್ಕೆ ಹೊಸವರ್ಷ. ಅದು ಮನೆಯವರದು. ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ತಂದೆತಾಯಿಯ ಊರಿಗೆ ಹೋಗುತ್ತಾರೆ. 24ರಂದು ನನ್ನ ಎದುರು ಕೂತು ನಗುತ್ತಿದ್ದವನು ತಿಂಗಳ ಕೊನೆಗೆ ಫುಕುಓಕಾಗೆ ವಿಮಾನ ಹತ್ತುತ್ತಿದ್ದ. ನಾನು ಟೋಕಿಯೊದಲ್ಲಿ ಒಬ್ಬಳೇ. ಅಕ್ಕಪಕ್ಕದ ಅಂಗಡಿ ಮುಚ್ಚಿರುತ್ತವೆ, ರೈಲು ಖಾಲಿ. ‘ನಾನೂ ಬರ್ಲಾ?’ ಅಂತ ಕೇಳುವ ಹಾಗಿಲ್ಲ ಅನ್ನುವುದು ನನಗೆ ಗೊತ್ತಿತ್ತು. ಕೊಪ್ಪದಲ್ಲಿ ಅಮ್ಮ ಹಬ್ಬಕ್ಕೆ ಯಾರ್ಯಾರನ್ನೋ ಕರೆದು ಬಡಿಸುತ್ತಾರೆ. ಅಡಿಕೆ ವ್ಯಾಪಾರಕ್ಕೆ ಬಂದವರೂ ಹೋಳಿಗೆ ತಿಂದು ಹೋಗುತ್ತಾರೆ. ಆ ಮನೆಯಿಂದ ಬಂದವಳಿಗೆ ಹೊರಗೆ ಉಳಿಯುವುದು ಸುಲಭವಲ್ಲ. ನೋವಾಗುತ್ತಿತ್ತು. ಅವನಿಗೆ ಅದನ್ನು ಹೇಳಿದೆ. ‘ನಿನ್ನನ್ನು ಅರ್ಧ ಮನಸ್ಸಿನಿಂದ ಕರೆದುಕೊಂಡು ಹೋಗೋಕೆ ನನಗಿಷ್ಟ ಇಲ್ಲ’ ಅಂದ. ಮದುವೆ ಗೊತ್ತಾಗದ ಹುಡುಗಿಯನ್ನು ಮನೆಗೆ ಕರೆದುಕೊಂಡು ಹೋದರೆ ಅವಳಿಗೇ ಮುಜುಗರ ಅನ್ನುವುದು ಅವನ ನಂಬಿಕೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಟೋಕಿಯೊದ ನಿಶಿ-ಕಸಾಯಿ ಕಡೆ ಭಾರತದವರು ಜಾಸ್ತಿ. ಅಲ್ಲಿ ನಮ್ಮ ಕಡೆಯ ಹುಡುಗರ ಪರಿಚಯ ನನಗಿದೆ. ಒಳ್ಳೆಯ ಹುಡುಗರು. ಕೆಲವರು ಇಲ್ಲಿನ ಹುಡುಗಿಯರ ಜೊತೆ ವರ್ಷಗಟ್ಟಲೆ ಇದ್ದು, ಊರಿಗೆ ರಜೆಗೆ ಹೋದಾಗ ಮನೆಯವರು ನೋಡಿದ ಹುಡುಗಿಯ ಜೊತೆ ನಿಶ್ಚಿತಾರ್ಥ ಮಾಡಿಕೊಂಡು ಬರುತ್ತಾರೆ. ‘ಮನೇಲಿ ಒಪ್ಪಲ್ಲ ಅಂತ ಮೊದಲೇ ಗೊತ್ತಿತ್ತು’ ಅನ್ನುತ್ತಾರೆ. ಜಾತಿಯ ವಿಷಯ, ಅಮ್ಮನ ಆರೋಗ್ಯ, ತಂಗಿಯ ಮದುವೆ. ಕಾರಣಗಳು ನಿಜವೇ ಇರಬಹುದು. ಆದರೆ ಆ ಹುಡುಗಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಮನೆಯವರು ಕೊನೆಗೆ ಬರುತ್ತಾರೆ ಅನ್ನುವ ಊರಿನಲ್ಲಿ ಬೆಳೆದವಳು ಅವಳು. ಅವನ ಅಪ್ಪ ಅಮ್ಮ ಮೊದಲ ದಿನದಿಂದಲೇ ಪಕ್ಕದಲ್ಲಿ ಕೂತಿದ್ದಾರೆ ಅನ್ನುವುದು ಅವಳಿಗೆ ಕಾಣಿಸುವುದು ಹೇಗೆ? ಅವನು ಮನೆಯ ಸುದ್ದಿ ಎತ್ತದಿದ್ದಾಗ ಅವಳು ಅನುಮಾನ ಪಡುವುದಿಲ್ಲ, ಅದು ಸಹಜ ಅಂದುಕೊಳ್ಳುತ್ತಾಳೆ. ಮೂವತ್ತರ ಆಸುಪಾಸಿನ ಜಪಾನಿ ಹೆಂಗಸು ಕೊಕುಹಾಕು ಒಪ್ಪಿಕೊಂಡಳು ಅಂದರೆ ಎಷ್ಟೋ ಸಲ ಮದುವೆಯನ್ನು ಮನಸ್ಸಿನಲ್ಲಿಟ್ಟೇ ಒಪ್ಪಿಕೊಂಡಿರುತ್ತಾಳೆ. ಆ ವರ್ಷಗಳನ್ನು ಯಾರು ವಾಪಸ್ಸು ಕೊಡುತ್ತಾರೆ? ಮನೆಯಲ್ಲಿ ಹೇಳುವ ಧೈರ್ಯ ಇಲ್ಲದಿದ್ದರೆ, ಇಲ್ಲ ಅನ್ನುವುದನ್ನು ಮೊದಲೇ ಹೇಳಿ. ಅವಳು ಅದನ್ನು ತಿಳಿದೇ ಇರುವುದೋ ಬಿಡುವುದೋ ನಿರ್ಧಾರ ಮಾಡಲಿ. ಇದನ್ನು ನಾನು ಸಿಕ್ಕಿದವರಿಗೆಲ್ಲ ಹೇಳುತ್ತೇನೆ, ಕೆಲವರಿಗೆ ಬೇಜಾರೂ ಆಗಿದೆ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಅವನು ಒಪ್ಪಿದ. ತಕ್ಷಣ ಅಲ್ಲ, ತನ್ನ ಮನಸ್ಸಿನಲ್ಲಿ ಒಂದು ನಿರ್ಧಾರಕ್ಕೆ ಬಂದ ಮೇಲೆ. ಕಾಲ್ ಮಾಡಿದ ದಿನ ಬಿಳಿ ಶರ್ಟು ಇಸ್ತ್ರಿ ಮಾಡಿ ಹಾಕಿಕೊಂಡಿದ್ದ. ಆ ಕಡೆ ಅಮ್ಮ, ಅಪ್ಪ, ದೊಡ್ಡಮ್ಮ, ಪಕ್ಕದ ಮನೆಯ ಅಜ್ಜಿ ಎಲ್ಲರೂ ಒಂದೇ ಸೋಫಾದಲ್ಲಿ. ಅವನು ಫೋನಿಗೆ ತಲೆಬಾಗಿ ನಮಸ್ಕಾರ ಅಂದ. ಅಜ್ಜಿ, ‘ಒಳ್ಳೆ ಮರ್ಯಾದಸ್ಥ ಹುಡುಗ’ ಅಂದುಬಿಟ್ಟರು. ಅರ್ಧ ಕೆಲಸ ಅಲ್ಲೇ ಆಯಿತು.

ಅಮ್ಮನ ಮೊದಲ ಪ್ರಶ್ನೆ ಅವನು ಎದ್ದುಹೋದ ಮೇಲೆ ಬಂತು. ‘ದನ ತಿಂತಾನಾ?’ ತಿಂತಾನೆ ಅಂದೆ. ಸುಳ್ಳು ಹೇಳುವುದು ನನಗೆ ಬೇಕಿರಲಿಲ್ಲ. ಅಮ್ಮ ಮಾತು ನಿಲ್ಲಿಸಿದರು. ಆಮೇಲೆ ನಾನು ಅವರಿಗೆ ಜಪಾನಿನ ಕಥೆ ಹೇಳಿದೆ. 675ರಲ್ಲಿ ತೆಮ್ಮು ಚಕ್ರವರ್ತಿ ದನ, ಕುದುರೆ, ನಾಯಿ, ಕೋತಿ, ಕೋಳಿ ತಿನ್ನಬಾರದು ಅಂತ ಆಜ್ಞೆ ಹೊರಡಿಸಿದ. ಅದು ವರ್ಷದ ಕೆಲವು ತಿಂಗಳಿಗೆ ಮಾತ್ರ ಇತ್ತು. ಆದರೆ ಬೌದ್ಧ ಧರ್ಮದ ಪ್ರಭಾವದಲ್ಲಿ ನಾಲ್ಕು ಕಾಲಿನ ಪ್ರಾಣಿ ತಿನ್ನುವುದು ಮೈಲಿಗೆ ಅನ್ನುವ ಭಾವನೆ ಮುಂದೆ ಗಟ್ಟಿಯಾಯಿತು. ಕಾಡುಹಂದಿ, ಜಿಂಕೆ ತಿನ್ನುವವರು ಇದ್ದೇ ಇದ್ದರು. ಉಳುವ ಎತ್ತು ಮಾತ್ರ ಊಟದ ವಸ್ತು ಆಗಿರಲಿಲ್ಲ. 1872ರಲ್ಲಿ ಮೇಜಿ ಚಕ್ರವರ್ತಿ ದನದ ಮಾಂಸ ತಿಂದ ಸುದ್ದಿ ಹೊರಬಿತ್ತು. ಪಶ್ಚಿಮದವರ ಹಾಗೆ ಬಲವಾಗಬೇಕು ಅನ್ನುವ ಹುಮ್ಮಸ್ಸಿನ ಕಾಲ ಅದು. ಅಲ್ಲಿಂದ ಜನ ತಿನ್ನಲು ಶುರು ಮಾಡಿದರು. ಅಮ್ಮ ಪೂರ್ತಿ ಕೇಳಿಸಿಕೊಂಡು, ‘ಹಂಗಾದ್ರೆ ಅವನ ಮುತ್ತಜ್ಜನ ಅಪ್ಪ ತಿಂತಿರಲಿಲ್ಲ ಅನ್ನು’ ಅಂದರು. ನಮ್ಮ ಮನೆಯಲ್ಲಿ ನಾವಿಬ್ಬರೂ ದನ ತಂದು ಬೇಯಿಸುವುದಿಲ್ಲ. ಹೊರಗೆ ಅವನು ಏನು ತಿನ್ನುತ್ತಾನೋ ಅದು ಅವನದು. ಈ ಒಪ್ಪಂದಕ್ಕೆ ಬರಲು ನಮಗೆ ಜಗಳವೇ ಬೇಕಾಗಲಿಲ್ಲ.

ಊಟದಲ್ಲಿ ನನಗೆ ಕಷ್ಟವಾದದ್ದು ದಾಶಿ. ಒಣಗಿಸಿದ ಕತ್ಸುಓ ಮೀನನ್ನು ತೆಳ್ಳಗೆ ಹೆರೆದು, ನೀರಿನಲ್ಲಿ ಕುದಿಸಿ ಸೋಸಿದ ರಸ ಅದು. ಮಿಸೊ ಸೂಪಿನಲ್ಲಿ ಇರುತ್ತದೆ, ಸೊಪ್ಪಿನ ಪಲ್ಯದಲ್ಲಿ ಇರುತ್ತದೆ, ತರಕಾರಿ ಬೇಯಿಸಿದ ನೀರಿನಲ್ಲೂ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನಮಗೆ ನಿಶ್ಚಿಂತೆಯ ಊಟ ಸಿಕ್ಕಿದ್ದು ಕೋಯಾಸಾನ್ ಬೆಟ್ಟದಲ್ಲಿ. ಒಸಾಕಾದಿಂದ ರೈಲಿನಲ್ಲಿ ಹೋಗಿ, ಕೊನೆಗೆ ಕೇಬಲ್ ಕಾರಿನಲ್ಲಿ ಹತ್ತಬೇಕು. ಬೆಟ್ಟದ ಮೇಲೆ ಊರಿನ ತುಂಬ ದೇವಸ್ಥಾನಗಳು. ರಾತ್ರಿ ಉಳಿಯುವವರಿಗೆ ಅಲ್ಲಿಯೇ ಊಟ. ಮೀನಿಲ್ಲ, ಮಾಂಸವಿಲ್ಲ. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಕೊಂಬು ಅನ್ನುವ ಕಡಲಸೊಪ್ಪು, ಒಣ ಶಿಟಾಕೆ ಅಣಬೆ ಇವುಗಳಿಂದಲೇ ದಾಶಿ. ಆವತ್ತು ನಾನು ಯಾವುದನ್ನೂ ಕೇಳದೆ ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದೆ. ಅವನಿಗೂ ನಿರಾಳವಾಯಿತು. ಪ್ರತಿ ಹೋಟೆಲಿನಲ್ಲೂ ನನ್ನ ಪರವಾಗಿ ವಿಚಾರಿಸಿ ವಿಚಾರಿಸಿ ಅವನಿಗೂ ಸಾಕಾಗಿತ್ತು ಅನ್ನುವುದು ಆಗಲೇ ನನಗೆ ತಿಳಿದದ್ದು.

ಇನ್ನೊಂದು ಪ್ರಸಂಗ, ನನಗೆ ಪ್ರಿಯವಾದದ್ದು. ಕಿಚಿಜೋಜಿಯ ಇನೊಕಶಿರಾ ಪಾರ್ಕಿನಲ್ಲಿ ಒಂದು ಕೊಳ ಇದೆ, ದೋಣಿಗಳಿವೆ. ಕೊಳದ ತುದಿಯಲ್ಲಿ ಬೆಂಜಾಯಿತೆನ್ ದೇವಿಯ ಗುಡಿ. ಅಲ್ಲಿ ಜೋಡಿಗಳು ದೋಣಿ ಹತ್ತಿದರೆ ದೇವಿ ಹೊಟ್ಟೆಕಿಚ್ಚು ಪಟ್ಟು ಅವರನ್ನು ಬೇರೆ ಮಾಡುತ್ತಾಳೆ ಅನ್ನುವ ಮಾತು ಟೋಕಿಯೊದಲ್ಲಿ ಎಲ್ಲರಿಗೂ ಗೊತ್ತು. ಅವನು ಮೂಢನಂಬಿಕೆಯ ಮನುಷ್ಯ ಅಲ್ಲ. ಆದರೂ ದೋಣಿ ಬೇಡ ಅಂದ. ಬೆಂಜಾಯಿತೆನ್ ಅಂದರೆ ನಮ್ಮ ಸರಸ್ವತಿ. ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಇಲ್ಲಿಗೆ ಬಂದವಳು. ಕೈಯಲ್ಲಿ ವೀಣೆಯ ಬದಲು ಬಿವಾ. ನೀರಿನ ಪಕ್ಕದಲ್ಲೇ ಅವಳ ಗುಡಿಗಳು. ಶೃಂಗೇರಿಗೆ ಹತ್ತಿರದಲ್ಲಿ, ಶಾರದಮ್ಮನ ಎದುರಿಗೇ ಅಕ್ಷರಾಭ್ಯಾಸ ಮಾಡಿಸಿಕೊಂಡು ಬೆಳೆದವಳು ನಾನು. ತುಂಗೆಯ ದಡದಲ್ಲಿ ಕೂತ ಆ ತಾಯಿ ಯಾರ ಮೇಲಾದರೂ ಹೊಟ್ಟೆಕಿಚ್ಚು ಪಡುತ್ತಾಳೆ ಅಂದರೆ ನಾನು ಒಪ್ಪುವುದಾದರೂ ಹೇಗೆ? ‘ಅವಳು ನಮ್ಮೂರಿನವಳು, ನಾನು ಹೇಳ್ತೀನಿ ಬಾ’ ಅಂತ ದೋಣಿ ಹತ್ತಿಸಿದೆ. ಅವನು ಇಡೀ ಹೊತ್ತು ಗುಡಿಯ ಕಡೆಗೇ ನೋಡುತ್ತ ಹುಟ್ಟು ಹಾಕಿದ.

ಕೊನೆಗೂ ಅವನ ಊರಿಗೆ ಹೋದೆ. ಫುಕುಓಕಾ ಪ್ರಾಂತ್ಯದ ದಕ್ಷಿಣ, ಯಾಮೆ ಚಹಾ ಬೆಳೆಯುವ ಸೀಮೆ. ಗುಡ್ಡ, ಚಹಾ, ಬಿದಿರು, ಮಂಜು. ಅವನು ಕೋಟು ಹಾಕಿದ್ದ, ನಾನು ಸೀರೆ ಉಟ್ಟಿದ್ದೆ. ಅಷ್ಟು ವರ್ಷ ಯಾವ ಪ್ರಶ್ನೆಯನ್ನೂ ಕೇಳದ ಅವನ ಅಪ್ಪ ಅಮ್ಮ ಆ ದಿನ ನನ್ನನ್ನು ಎಲ್ಲವನ್ನೂ ಕೇಳಿದರು. ಅಪ್ಪ ಏನು ಬೆಳೆಯುತ್ತಾರೆ, ಮಳೆ ಎಷ್ಟು ಬೀಳುತ್ತದೆ, ಅಮ್ಮನಿಗೆ ಮಂಡಿ ನೋವಿದೆಯಾ. ಅವರು ಕಾದಿದ್ದರು, ಅಷ್ಟೇ. ಕೇಳದೆ ಇದ್ದದ್ದು ಬೇಡವಾಗಿ ಅಲ್ಲ.

ಅವನ ಅಮ್ಮ ನನಗಾಗಿ ಕೊಂಬು, ಶಿಟಾಕೆ ಹಾಕಿ ಬೇರೆ ದಾಶಿ ಮಾಡಿದ್ದರು. ವಸಂತಕಾಲ. ತಾಕೆನೊಕೊ ಅನ್ನ, ಅಂದರೆ ಕಳಲೆ ಹಾಕಿದ ಅನ್ನ. ತಟ್ಟೆ ನೋಡಿ ನನಗೆ ಮಾತೇ ಹೊರಡಲಿಲ್ಲ. ಮಲೆನಾಡಿನ ಮಳೆಗಾಲದ ಕಳಲೆ ಇಲ್ಲಿ ಏಪ್ರಿಲ್‌ನಲ್ಲಿ ಬರುತ್ತದೆ. ನಾವು ಹೆಚ್ಚಿ ನೀರಿನಲ್ಲಿ ನೆನೆಸಿ, ದಿನಾ ನೀರು ಬದಲಿಸಿ ಕಹಿ ತೆಗೆಯುತ್ತೇವೆ. ಅವರು ಅಕ್ಕಿಯ ತೌಡು ಹಾಕಿ ಕುದಿಸುತ್ತಾರೆ. ನಾನು ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ. ಇಬ್ಬರು ಅಮ್ಮಂದಿರು ನನ್ನ ಮೂಲಕ ತೌಡಿನ ವಿಷಯ ಬಹಳ ಹೊತ್ತು ಮಾತಾಡಿದರು. ಫುಕುಓಕಾ ಇರುವ ಕ್ಯೂಶು ದ್ವೀಪದ ಕಡೆಯ ಸೋಯಾ ಸಾಸ್ ಬೇರೆ ಕಡೆಗಿಂತ ಸಿಹಿ. ಸಾರಿಗೆ ಬೆಲ್ಲ ಹಾಕುವ ನಾಲಿಗೆಗೆ ಅದೂ ಹೊಂದಿತು.

ಪಾತ್ರೆ ಒರೆಸುವಾಗ ಅವನ ಅಮ್ಮ ತಮ್ಮ ಕಥೆ ಹೇಳಿದರು. ಅವರು ಹುಟ್ಟಿದ್ದು 1966ರಲ್ಲಿ. ನಮ್ಮ ಪ್ರಭವ ವಿಭವದ ಹಾಗೆ ಇಲ್ಲಿಯೂ 60 ವರ್ಷದ ಚಕ್ರ ಇದೆ. ಅದರಲ್ಲಿ ಹಿನೋಎ-ಉಮಾ ಅಂತ ಬೆಂಕಿ ಕುದುರೆಯ ವರ್ಷ ಒಂದು. ಆ ವರ್ಷ ಹುಟ್ಟಿದ ಹೆಣ್ಣು ಗಂಡನ ಆಯುಸ್ಸು ತಿನ್ನುತ್ತಾಳೆ ಅನ್ನುವ ನಂಬಿಕೆ. 17ನೇ ಶತಮಾನದಲ್ಲಿ ಪ್ರೀತಿಗಾಗಿ ಬೆಂಕಿ ಹಚ್ಚಿ ಮರಣದಂಡನೆಗೆ ಗುರಿಯಾದ ಎದೊ ನಗರದ ಹುಡುಗಿಯೊಬ್ಬಳು ಆ ವರ್ಷದವಳು ಅಂತ ಹೇಳುತ್ತಾರೆ. 1965ರಲ್ಲಿ 18 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟಿದ ದೇಶದಲ್ಲಿ 1966ರಲ್ಲಿ ಹುಟ್ಟಿದ್ದು 13.6 ಲಕ್ಷ. ಮರುವರ್ಷ ಮತ್ತೆ 19 ಲಕ್ಷ ದಾಟಿತು. ರೈಲು, ಟಿವಿ, ಒಲಿಂಪಿಕ್ಸ್ ಎಲ್ಲ ಬಂದಿದ್ದ ಕಾಲದಲ್ಲಿ! ಶಾಲೆಯಲ್ಲಿ ತಮ್ಮ ವಯಸ್ಸಿನವರು ಕಡಿಮೆ ಇದ್ದರು, ಮದುವೆಯ ಮಾತು ಬಂದಾಗ ಗಂಡನ ಅಮ್ಮ ವರ್ಷ ಕೇಳಿ ಮುಖ ಸಣ್ಣ ಮಾಡಿದರು ಅಂತ ಅವರು ಹೇಳಿದರು. ನನ್ನ ಚಿಕ್ಕಮ್ಮನದು ಮೂಲಾ ನಕ್ಷತ್ರ. ‘ಮೂಲಾ ಮಾವನಿಗೆ ಆಗಲ್ಲ’ ಅಂತ ಬಂದ ಗಂಡುಗಳೆಲ್ಲ ವಾಪಸ್ಸು ಹೋಗಿ, ಅವರ ಮದುವೆ ತುಂಬ ತಡವಾಯಿತು. ನಾನು ಅದನ್ನು ಹೇಳಿದೆ. ಅವರು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ‘ಆಮೇಲೆ ಅವರ ಮಾವ ಏನಾದರು?’ ಅಂತ ಕೇಳಿದರು. ‘ತೊಂಬತ್ತು ದಾಟಿದ್ದಾರೆ’ ಅಂದೆ. ಇಬ್ಬರೂ ನಕ್ಕೆವು. 2026 ಮತ್ತೆ ಅದೇ ಬೆಂಕಿ ಕುದುರೆಯ ವರ್ಷ. ನಿಮಗೆ ಆ ವರ್ಷ ಹೆಣ್ಣು ಮಗು ಹುಟ್ಟಿದರೆ ನಾನೇ ಮೊದಲು ಎತ್ತಿಕೊಳ್ಳುತ್ತೇನೆ ಅಂದರು. ಆ ಮಾತಿಗೆ ನನ್ನ ಕಣ್ಣು ತುಂಬಿತು.

ಅವರ ಮನೆಯಲ್ಲಿ ಬುತ್ಸುದಾನ್ ಇದೆ, ತೀರಿಕೊಂಡವರ ಫಲಕಗಳಿರುವ ಮರದ ಗೂಡು. ಬೆಳಿಗ್ಗೆ ಮಾಡಿದ ಅನ್ನ ಮೊದಲು ಅಲ್ಲಿಗೆ, ಆಮೇಲೆ ಮನೆಯವರಿಗೆ. ಆಗಸ್ಟಿನ ಓಬೋನ್ ಹಬ್ಬಕ್ಕೆ ಹಿರಿಯರು ಮನೆಗೆ ಬರುತ್ತಾರೆ. ಸಮಾಧಿಯ ಕಲ್ಲನ್ನು ನೀರು ಹಾಕಿ ತೊಳೆದು ಹೂವಿಟ್ಟು ಬರುತ್ತಾರೆ. ಟೋಕಿಯೊ ಕಡೆ ಸೌತೆಕಾಯಿಗೆ ಕಡ್ಡಿಯ ಕಾಲು ಚುಚ್ಚಿ ಕುದುರೆ ಮಾಡುತ್ತಾರೆ, ಬದನೆಕಾಯಿಗೆ ಚುಚ್ಚಿ ಹಸು ಮಾಡುತ್ತಾರೆ. ಕುದುರೆ ಏರಿ ಬೇಗ ಬರಲಿ, ಹಸುವಿನ ಮೇಲೆ ನಿಧಾನವಾಗಿ ಹೋಗಲಿ ಅಂತ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವ ಮನೆಯಿಂದ ಬಂದವಳಿಗೆ ಇದರಲ್ಲಿ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ.

ಹೋಲಿಕೆ ಇದ್ದ ಮಾತ್ರಕ್ಕೆ ಎಲ್ಲವೂ ಚೆನ್ನಾಗಿತ್ತು ಅಂತ ಬರೆದರೆ ಅದು ಪೂರ್ತಿ ನಿಜವಲ್ಲ. ಓಬೋನ್ ದಿನ ನೆಂಟರು ಬಂದರು. ಗಂಡಸರು ಟಾಟಾಮಿ ಚಾಪೆಯ ಮೇಲೆ ಕೂತರು, ಕುಡಿದರು, ಮಾತಾಡಿದರು. ಹೆಂಗಸರು ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಯಾವಾಗ ತಟ್ಟೆ ಎತ್ತಬೇಕು, ಎಲ್ಲಿ ಬಗ್ಗಿ ಬಡಿಸಬೇಕು ಎಲ್ಲ ನನ್ನ ಕೈಗೇ ಗೊತ್ತಿತ್ತು. ಎಲ್ಲರೂ ಹೊಗಳಿದರು. ನನಗೆ ಆ ಹೊಗಳಿಕೆ ಬೇಕಿರಲಿಲ್ಲ. ಆರು ಸಾವಿರ ಕಿಲೋಮೀಟರಿನಷ್ಟು ದೂರ ಬಂದು ಇನ್ನೊಂದು ಅಡುಗೆಮನೆಯಲ್ಲಿ ಅಮ್ಮನ ಜಾಗದಲ್ಲೇ ನಿಂತುಕೊಳ್ಳುವುದು ನನ್ನ ಆಸೆ ಅಲ್ಲ. ರಾತ್ರಿ ಅವನಿಗೆ ಹೇಳಿದೆ. ಮರುದಿನ ಊಟ ಆದಮೇಲೆ ಅವನು ಎದ್ದು ಬಂದು ಪಾತ್ರೆ ತೊಳೆಯಲು ನಿಂತ. ಅವನ ದೊಡ್ಡಪ್ಪ ಮಾತು ನಿಲ್ಲಿಸಿ ನೋಡಿದರು. ಅವನ ಅಮ್ಮ ಏನೂ ಹೇಳದೆ ಅವನಿಗೆ ಏಪ್ರನ್ ಕೊಟ್ಟರು. ಅದು ದೊಡ್ಡ ಬದಲಾವಣೆ ಅಲ್ಲ. ಆದರೆ ಮನೆಯವರು ಒಳಗೆ ಬಂದಾಗ ಅವರ ಅಭ್ಯಾಸಗಳೂ ಒಳಗೆ ಬರುತ್ತವೆ, ಅವುಗಳನ್ನು ಎದುರಿಸುವ ಕೆಲಸ ಆ ಮನೆಯ ಮಗನದೇ ಹೊರತು ಹೊರಗಿನಿಂದ ಬಂದವಳದಲ್ಲ. ಕೊಪ್ಪದಲ್ಲಿ ಅದು ನನ್ನ ಕೆಲಸ.

ಮದುವೆ ಅಂದರೆ ಇಲ್ಲಿ ವಾರ್ಡ್ ಆಫೀಸಿಗೆ ಕೊಡುವ ಒಂದು ಕಾಗದ. ಇಬ್ಬರು ಸಾಕ್ಷಿಗಳ ಸಹಿ ಬೇಕು. ಪುರೋಹಿತರು, ಮುಹೂರ್ತ ಯಾವುದೂ ಕಾನೂನಿಗೆ ಬೇಕಿಲ್ಲ. ವಿದೇಶಿಯಾದರೆ ತನ್ನ ದೇಶದ ಕಾನೂನಿನ ಪ್ರಕಾರ ಮದುವೆಗೆ ಅಡ್ಡಿಯಿಲ್ಲ ಅನ್ನುವ ಪತ್ರ, ಅದರ ಜಪಾನಿ ಅನುವಾದ ಇತ್ಯಾದಿ. ಕಾಗದ ಕೊಟ್ಟ ಮೇಲೆ ಕೊಸೆಕಿ ಬದಲಾಗುತ್ತದೆ. ಕೊಸೆಕಿ ಅಂದರೆ ಕುಟುಂಬದ ದಾಖಲೆ. ಹುಟ್ಟು, ಮದುವೆ, ಸಾವು ಎಲ್ಲ ಅದರಲ್ಲಿ. ಅವನಿಗೆ ಅಪ್ಪ ಅಮ್ಮನ ಕೊಸೆಕಿಯಿಂದ ಬೇರೆಯಾದ ಹೊಸದೊಂದು ಬಂತು. ಅದರಲ್ಲಿ ಸದಸ್ಯ ಅವನೊಬ್ಬನೇ. ಜಪಾನಿನ ಪ್ರಜೆಗಳಿಗೆ ಮಾತ್ರ ಅಲ್ಲಿ ಜಾಗ. ಇಂಥ ದಿನ ಇಂಥ ದೇಶದ ಇಂಥವಳನ್ನು ಮದುವೆಯಾದ ಅಂತ ಅವನ ವಿವರದ ಒಳಗೆ ನನ್ನ ಹೆಸರು ಬರುತ್ತದೆ. 2012ರ ಜುಲೈ ತನಕ ನಿವಾಸಿಗಳ ದಾಖಲೆಯಲ್ಲೂ ವಿದೇಶಿಯರಿಗೆ ಜಾಗವಿರಲಿಲ್ಲ. ಗಂಡ ಹೆಂಡತಿ ಒಂದೇ ಮನೆಯಲ್ಲಿದ್ದರೂ ಕಾಗದದಲ್ಲಿ ಗಂಡ ಒಬ್ಬನೇ ಇರುವಂತೆ ಕಾಣುತ್ತಿತ್ತು. ಅದು ಬದಲಾಯಿತು. ಕೊಸೆಕಿ ಬದಲಾಗಿಲ್ಲ. ಅವನ ಅಮ್ಮ ಮಗಳ ಹಾಗೆ ನೋಡಿಕೊಳ್ಳುವ ನನ್ನನ್ನು ಆ ಕಾಗದ ಇನ್ನೂ ಹೊಸಿಲಿನಲ್ಲೇ ನಿಲ್ಲಿಸಿದೆ.

ಅದೇ ಕಾನೂನಿನಿಂದ ನನಗೊಂದು ಅನುಕೂಲವೂ ಆಯಿತು. ಜಪಾನಿನ ಇಬ್ಬರು ಪ್ರಜೆಗಳು ಮದುವೆಯಾದರೆ ಒಂದೇ ಅಡ್ಡಹೆಸರು ಇಟ್ಟುಕೊಳ್ಳಲೇಬೇಕು. ನೂರಕ್ಕೆ 95ರಷ್ಟು ಸಲ ಹೆಂಡತಿಯೇ ಬದಲಿಸುತ್ತಾಳೆ. 2015ರಲ್ಲಿ, 2021ರಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿಯಿತು. ವಿದೇಶಿಯನ್ನು ಮದುವೆಯಾದರೆ ಈ ಕಟ್ಟು ಇಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗದಲ್ಲಿ ಅಪ್ಪನ ಹೆಸರಿದೆ. ನಮ್ಮ ಕಡೆಯ ಎಷ್ಟೋ ಜನರಿಗೆ ಹಾಗೇ. ಹಾಗಾಗಿ ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಎಲ್ಲರೂ ಅಪ್ಪನ ಹೆಸರಿಗೆ ಗೌರವದ ಸಾನ್ ಸೇರಿಸಿ ನನ್ನನ್ನು ಕರೆಯುತ್ತಾರೆ. ಈಗಲೂ ಹಾಗೇ ಕರೆಯುತ್ತಾರೆ. ಇದನ್ನು ಕೇಳಿದಾಗೆಲ್ಲ ನನಗೆ ಸಂತೋಷ. ಮದುವೆಯಾಗಿ ತನ್ನ ಹೆಸರು ಬಿಟ್ಟುಕೊಟ್ಟ ಸಹೋದ್ಯೋಗಿಯೊಬ್ಬಳು, ‘ನಿನಗೆ ಅದೃಷ್ಟ ಇದೆ’ ಅಂದಾಗ ಏನು ಹೇಳಬೇಕೋ ತಿಳಿಯಲಿಲ್ಲ.

ಕೊಪ್ಪದ ಮದುವೆ ದೀಪಾವಳಿ ಕಳೆದ ಮೇಲೆ. ಅವನ ಕಡೆಯವರಿಗೆ ಮುಯ್ಯಿಯ ಲೆಕ್ಕ ವಿವರಿಸುವುದು ಸುಲಭವಾಯಿತು. ಇಲ್ಲಿಯೂ ಮದುವೆಗೆ ಹೊಸ ನೋಟುಗಳ ಕವರು ಕೊಡುತ್ತಾರೆ. ಸ್ನೇಹಿತರಾದರೆ ಸಾಮಾನ್ಯವಾಗಿ 30,000 ಯೆನ್, ಅಂದರೆ ಹತ್ತು ಸಾವಿರದ ಮೂರು ನೋಟು. ಎರಡು ಭಾಗವಾಗಿ ಒಡೆಯಬಾರದು ಅಂತ ನೋಟುಗಳ ಸಂಖ್ಯೆ ಬೆಸವೇ ಇರಬೇಕು. ನಾವು 501 ಕೊಡುವುದನ್ನು ಕೇಳಿ ಅವನ ಅಪ್ಪ ತಲೆಯಾಡಿಸಿದರು.

ಇನ್ನೂ ಬಗೆಹರಿಯದ ವಿಷಯ ಒಂದಿದೆ. ಅವನು ಮನೆಯ ಹಿರಿಯ ಮಗ. ಬುತ್ಸುದಾನ್, ಊರಿನ ಸಮಾಧಿ, ಓಬೋನ್ ಎಲ್ಲ ಮುಂದೆ ಅವನಿಗೇ ಬರುತ್ತದೆ. ನಾನು ಒಬ್ಬಳೇ ಮಗಳು. ಅಪ್ಪ ಅಮ್ಮನಿಗೆ ವಯಸ್ಸಾದಾಗ ಯಾರು, ಅವರ ಕಾಲಾನಂತರ ಎಡೆ ಇಡುವವರು ಯಾರು? ಅಪ್ಪ ಇದನ್ನು ಯಾವತ್ತೂ ಕೇಳಿಲ್ಲ. ದೊಡ್ಡಪ್ಪ ಕೇಳಿದ್ದಾರೆ. ಅವನ ಅಮ್ಮ ಇತ್ತೀಚೆಗೆ ಸಮಾಧಿಯನ್ನು ಮುಚ್ಚಿಸಿ, ಅಸ್ಥಿಯನ್ನು ದೇವಸ್ಥಾನಕ್ಕೆ ಒಪ್ಪಿಸುವ ಯೋಚನೆ ಹೇಳಿದರು. ನೋಡಿಕೊಳ್ಳುವವರು ದೂರ ಇರುವ ಮನೆಗಳಲ್ಲಿ ಈಗ ಹಾಗೆ ಮಾಡುತ್ತಿದ್ದಾರೆ. ‘ನಿಮ್ಮಿಬ್ಬರನ್ನು ಕಲ್ಲಿಗೆ ಕಟ್ಟಿಹಾಕೋಕೆ ನನಗಿಷ್ಟ ಇಲ್ಲ’ ಅಂದರು. ಅವನು ಬೇಡ ಅಂದ. ಅವನು ಅಳುವುದನ್ನು ನಾನು ಕಂಡದ್ದು ಕಡಿಮೆ, ಆವತ್ತು ಕಂಡೆ.

ಈ ಸಲ ಓಬೋನ್ ಮುಗಿದ ಮೇಲೆ ಅವನ ಅಮ್ಮ ನಮ್ಮ ಜೊತೆ ಕೊಪ್ಪಕ್ಕೆ ಬರುತ್ತಿದ್ದಾರೆ, ಮದುವೆಗೆ ಮೊದಲು ಮನೆ ನೋಡಲು. ನರಿತಾದಿಂದ ಬೆಂಗಳೂರಿಗೆ ನೇರ ವಿಮಾನ ಇದೆ, ಅಲ್ಲಿಂದ ಕಾರು. ಸಮಾಧಿಯ ಮಾತನ್ನೂ ಎಡೆಯ ಮಾತನ್ನೂ ಆಗ ಎಲ್ಲರ ಎದುರಿಗೇ ಆಡುವುದು ಅಂತ ನಾವಿಬ್ಬರೂ ತೀರ್ಮಾನಿಸಿದ್ದೇವೆ. ಇದನ್ನು ಇಬ್ಬರೇ ಕೂತು ಮುಗಿಸಲು ಆಗುವುದಿಲ್ಲ ಅಂತ ಈ ಸಲ ಹೇಳಿದವನು ಅವನೇ. ಎರಡೂ ಕಡೆಗೆ ಅನುವಾದ ಮಾಡುವವಳು ನಾನು. ಅಪ್ಪ ಈಗಾಗಲೇ ಫೋನ್ ಮಾಡಿ ವಿಚಾರಿಸಿದ್ದಾರೆ, ಅವರಿಗೆ ಬೆಳಿಗ್ಗೆ ನಮ್ಮ ಕಾಫಿ ಆಗುತ್ತಾ ಅಂತ. ಚಹಾ ಅವರೇ ತರುತ್ತಾರೆ, ಬಿಸಿನೀರು ಇದ್ದರೆ ಸಾಕು, ಅದಕ್ಕೆ ಹಾಲು ಹಾಕಬೇಡಿ ಅಂತ ಹೇಳಿದ್ದೇನೆ.